ಚಂಡಮಾರುತದ ಜಾಡು: ನಕ್ಷೆಯ ಗೆರೆ ಹೇಳದ ಸಂಗತಿಗಳು

ಚಂಡಮಾರುತ ಎದ್ದ ದಿನದಿಂದ ಟಿ.ವಿ. ಪರದೆಯ ಮೂಲೆಯಲ್ಲಿ ಒಂದು ನಕ್ಷೆ ಕೂತುಬಿಡುತ್ತದೆ. ಕಡಲ ನಡುವೆ ತಿರುಗುವ ಕೆಂಪು ಸುಳಿ, ಅಲ್ಲಿಂದ ಹೊರಟು ದಡದ ಯಾವುದೋ ಊರಿಗೆ ಬಂದು ಮುಟ್ಟುವ ಗೆರೆ, ಪಕ್ಕದಲ್ಲಿ ಒಂದು ಹೊತ್ತು. ಎಲ್ಲಿ ಅಪ್ಪಳಿಸುತ್ತದೆ, ಎಷ್ಟು ಗಂಟೆಗೆ ಅಪ್ಪಳಿಸುತ್ತದೆ ಎಂಬ ಎರಡೇ ಮಾತು ಊರೆಲ್ಲ ಓಡಾಡುತ್ತವೆ. ಗೆರೆ ತಮ್ಮ ಊರಿನಿಂದ ಆಚೆ ಸರಿದರೆ ಜನ ನಿಟ್ಟುಸಿರು ಬಿಡುತ್ತಾರೆ. ತಮ್ಮ ಕಡೆಗೇ ತಿರುಗಿದರೆ ಆ ಗಂಟೆಯನ್ನು ಎಣಿಸುತ್ತ ಕೂರುತ್ತಾರೆ. ನನ್ನ ಪ್ರಕಾರ ಎರಡೂ ಅಪಾಯದ ಅಭ್ಯಾಸಗಳು. ಕಡಲ ಬದಿಯಲ್ಲಿ ಬದುಕುವವರು ನೋಡಬೇಕಾದ ಗಡಿಯಾರ ಬೇರೆಯೇ ಇದೆ. ಚಂಡಮಾರುತದ ಕೇಂದ್ರ ದಡ ಮುಟ್ಟುವ ಹೊತ್ತಿಗೆ ಆ ಗಡಿಯಾರದಲ್ಲಿ ಸಮಯ ಮುಗಿದು ಎಷ್ಟೋ ಗಂಟೆಗಳಾಗಿರುತ್ತವೆ.

ದಡ ಮುಟ್ಟುವುದೆಂದರೆ ಸುಳಿಯ ನಡುಬಿಂದು ನೆಲದ ಅಂಚನ್ನು ದಾಟುವುದು, ಅಷ್ಟೇ. ಆ ಬಿಂದುವಿನ ಸುತ್ತ ನೂರಾರು ಕಿಲೋಮೀಟರ್ ಹರಡಿಕೊಂಡ ಗಾಳಿ, ಮಳೆ, ಅಲೆಗಳು ಅದಕ್ಕಾಗಿ ಕಾಯುವುದಿಲ್ಲ. 2021ರ ಮೇ ತಿಂಗಳಿನ ತೌಕ್ತೆಯನ್ನು ನೆನಪಿಸಿಕೊಳ್ಳಿ. ಅದರ ಕೇಂದ್ರ ಕೇರಳ, ಕರ್ನಾಟಕ, ಗೋವಾಗಳ ನೆಲವನ್ನು ಮುಟ್ಟಲೇ ಇಲ್ಲ. ಅರಬ್ಬಿ ಸಮುದ್ರದಲ್ಲಿ ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನ ಸೌರಾಷ್ಟ್ರ ತೀರವನ್ನು ದಾಟಿತು. ಆದರೆ ಅದಕ್ಕೆ ಎರಡು ಮೂರು ದಿನ ಮೊದಲೇ ದಕ್ಷಿಣದ ಕರಾವಳಿಯುದ್ದಕ್ಕೂ ಕಡಲು ಮನೆಗಳನ್ನೂ ರಸ್ತೆಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಮುಂಬೈ ಆಚೆಯ ಕಡಲಲ್ಲಿ ಪಿ-305 ಎಂಬ ಬಾರ್ಜ್ (ಕೆಲಸಗಾರರು ಉಳಿದುಕೊಳ್ಳುತ್ತಿದ್ದ ಚಪ್ಪಟೆ ತಳದ ದೊಡ್ಡ ನೌಕೆ) ಮುಳುಗಿ ಹತ್ತಾರು ಕೆಲಸಗಾರರು ಸತ್ತಿದ್ದೂ ಕೇಂದ್ರ ದಡ ಮುಟ್ಟುವ ಮೊದಲೇ. ಗೆರೆ ಮುಟ್ಟದ ಊರುಗಳಲ್ಲಿ ಚಂಡಮಾರುತ ಆಗಿಹೋಗಿತ್ತು.

ಮೊದಲು ಬರುವುದು ಅಲೆ

ದಡದಲ್ಲಿ ನಿಂತವರಿಗೆ ಚಂಡಮಾರುತದ ಮೊದಲ ಸುದ್ದಿ ತರುವುದು ಅಲೆ. ಆಗ ಆಕಾಶ ತಿಳಿಯಾಗಿಯೇ ಇರಬಹುದು, ಗಾಳಿ ತಣ್ಣಗೆ ಬೀಸುತ್ತಿರಬಹುದು. ಆದರೆ ಅಲೆಗಳ ನಡುವಿನ ಬಿಡುವು ಬದಲಾಗಿರುತ್ತದೆ. ಹತ್ತಿರದ ಗಾಳಿ ಎಬ್ಬಿಸುವ ಸಾಮಾನ್ಯ ಅಲೆಗಳು ನಾಲ್ಕರಿಂದ ಎಂಟು ಸೆಕೆಂಡಿಗೊಮ್ಮೆ ಬಂದು ಒಡೆಯುತ್ತವೆ. ದೂರದ ಚಂಡಮಾರುತ ಕಳಿಸಿದ ಅಲೆಗಳಿಗೆ ಹನ್ನೆರಡು, ಹದಿನಾಲ್ಕು, ಕೆಲವೊಮ್ಮೆ ಹದಿನಾರು ಸೆಕೆಂಡಿನ ಬಿಡುವು ಇರುತ್ತದೆ. ಗಡಿಯಾರ ಹಿಡಿದು ಒಂದಷ್ಟು ಅಲೆ ಎಣಿಸಿದರೆ ಯಾರಿಗಾದರೂ ಗೊತ್ತಾಗುವ ವ್ಯತ್ಯಾಸ ಇದು.

ಇದರ ಹಿಂದಿನ ಲೆಕ್ಕ ನೇರವಾಗಿದೆ. ಆಳ ಸಮುದ್ರದಲ್ಲಿ ಅಲೆಯ ಬಿಡುವು ಹೆಚ್ಚಿದಷ್ಟೂ ಅದು ವೇಗವಾಗಿ ಸಾಗುತ್ತದೆ. ಹದಿನಾಲ್ಕು ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 39 ಕಿ.ಮೀ. ವೇಗದಲ್ಲಿ ಬರುತ್ತದೆ. ಚಂಡಮಾರುತ ತಾನು ಇಡಿಯಾಗಿ ಮುಂದೆ ಸರಿಯುವ ವೇಗ ಬಹಳ ಸಲ ಗಂಟೆಗೆ 15 ಕಿ.ಮೀ. ಆಸುಪಾಸು. ಸಾವಿರ ಕಿ.ಮೀ. ದೂರದಲ್ಲಿ ಎದ್ದ ಚಂಡಮಾರುತ ನಿಮ್ಮ ದಡ ತಲುಪಲು ಎರಡೂ ಮುಕ್ಕಾಲು ದಿನ ಬೇಕಾದರೆ, ಅದರ ಅಲೆಗಳು ಒಂದು ದಿನದೊಳಗೆ, ಇಲ್ಲವೇ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ, ಬಂದು ಮುಟ್ಟುತ್ತವೆ. ಉದ್ದ ಬಿಡುವಿನ ಅಲೆಯಲ್ಲಿ ನೀರಿನ ರಾಶಿ ಹೆಚ್ಚು. ಮರಳಿನ ಮೇಲೆ ತುಂಬ ಮೇಲಕ್ಕೆ ಏರುತ್ತದೆ, ಹಿಂದೆ ಸರಿಯುವಾಗ ಕಾಲು ಕಿತ್ತು ಎಳೆಯುತ್ತದೆ. ಬಿಡುವು ಉದ್ದವಾದ್ದರಿಂದ ನೋಡುವವರಿಗೆ ಕಡಲು ಶಾಂತವಾಗಿದೆ ಎನ್ನಿಸುತ್ತದೆ. ಬಂಡೆಯ ಮೇಲೆ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾರೆ. 2009ರ ಆಗಸ್ಟ್‌ನಲ್ಲಿ ಬಿಲ್ ಎಂಬ ಚಂಡಮಾರುತ ಅಮೆರಿಕದ ದಡ ಮುಟ್ಟದೆ ದೂರದ ಕಡಲಲ್ಲೇ ಹಾದುಹೋಯಿತು. ಆದರೂ ಮೇನ್ ರಾಜ್ಯದ ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಬಂಡೆಗಳ ಮೇಲೆ ಅಲೆ ನೋಡಲು ಸೇರಿದ್ದ ಜನರನ್ನು ಒಂದು ದೊಡ್ಡ ಅಲೆ ಎಳೆದುಕೊಂಡಿತು, ಒಂದು ಮಗು ಬದುಕಲಿಲ್ಲ. ಅಲೆ ನೋಡಲು ಹೋಗಬೇಡಿ ಎಂದು ಹೇಳಿದರೆ ಅದು ಅಧಿಕಾರಿಗಳ ಅತಿ ಎಚ್ಚರಿಕೆ ಎಂದುಕೊಳ್ಳುವವರು ಈ ಒಂದು ಘಟನೆಯನ್ನಾದರೂ ತಿಳಿದಿರಬೇಕು.

ಅಲೆಯ ನಂತರದ ಸುಳಿವು ಆಕಾಶದಲ್ಲಿ. ಚಂಡಮಾರುತದ ತಲೆಯ ಮೇಲಿಂದ ಹೊರಚೆಲ್ಲುವ ತೆಳು ಮೋಡಗಳು ನೂರಾರು ಕಿ.ಮೀ. ಮುಂದಕ್ಕೆ ಎಳೆ ಎಳೆಯಾಗಿ ಹರಡುತ್ತವೆ. ಕ್ಯೂಬಾದ ಹವಾನಾದಲ್ಲಿದ್ದ ಪಾದ್ರಿ ಬೆನಿಟೊ ವಿನ್ಯೆಸ್ ಈ ಎಳೆಗಳು ಯಾವ ದಿಕ್ಕಿನಿಂದ ಹರಡಿಕೊಂಡಿವೆ ಎಂಬುದನ್ನು ವರ್ಷಗಟ್ಟಲೆ ಬರೆದಿಟ್ಟು, 1875ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಮುನ್ಸೂಚನೆ ಪ್ರಕಟಿಸಿದರು. ಉಪಗ್ರಹವಿಲ್ಲ, ರೇಡಾರ್ ಇಲ್ಲ. ಮೋಡ, ಗಾಳಿ ಮತ್ತು ವಾಯುಭಾರಮಾಪಕ, ಇಷ್ಟೇ ಅವರ ಸಾಮಗ್ರಿ.

ವಾಯುಭಾರದ ವಿಷಯ ಇಂದಿಗೂ ಕುತೂಹಲದ್ದು, ಏಕೆಂದರೆ ಹಲವು ಮೊಬೈಲ್ ಫೋನುಗಳ ಒಳಗೇ ಅದನ್ನು ಅಳೆಯುವ ಸಾಧನ ಇದೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡಕ್ಕೆ ದಿನಕ್ಕೆರಡು ಏರಿಳಿತ ಇರುತ್ತದೆ: ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಮೇಲೆ, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಕೆಳಗೆ. ಏರಿಳಿತ ಎರಡು ಮೂರು ಹೆಕ್ಟೋಪಾಸ್ಕಲ್‌ನಷ್ಟು (ಗಾಳಿಯ ಒತ್ತಡದ ಅಳತೆ) ಮಾತ್ರ, ಆದರೆ ತಪ್ಪದೆ ನಡೆಯುತ್ತದೆ. ಬೆಳಗ್ಗೆ ಹತ್ತಕ್ಕೆ ಏರಬೇಕಾದ ಒತ್ತಡ ಏರದೆ ಇಳಿಯುತ್ತಲೇ ಹೋದರೆ ದೊಡ್ಡದೊಂದು ವಾಯುಭಾರ ಕುಸಿತ ಹತ್ತಿರ ಬರುತ್ತಿದೆ ಎಂದರ್ಥ. ಹಡಗಿನವರು ಶತಮಾನಗಳಿಂದ ನಂಬಿಕೊಂಡು ಬಂದ ಸುಳಿವು ಇದು.

ಗಾಳಿಗೆ ಬೆನ್ನು ಕೊಟ್ಟು ನಿಂತರೆ

ಹಡಗಿನವರ ಇನ್ನೊಂದು ಉಪಾಯ ದಡದವರಿಗೂ ಅಷ್ಟೇ ಉಪಯುಕ್ತ. ಭೂಮಧ್ಯರೇಖೆಯ ಉತ್ತರಕ್ಕೆ ಇರುವವರು ಗಾಳಿಗೆ ಬೆನ್ನು ಕೊಟ್ಟು ನಿಂತರೆ, ಚಂಡಮಾರುತದ ಕೇಂದ್ರ ಅವರ ಎಡಗೈ ಕಡೆ, ಸ್ವಲ್ಪ ಮುಂದಕ್ಕೆ ಇರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಬಲಗೈ ಕಡೆ. ಕೆಲವು ಗಂಟೆಗಳ ಕಾಲ ಗಾಳಿಯ ದಿಕ್ಕನ್ನು ಗಮನಿಸಿದರೆ ಇನ್ನಷ್ಟು ತಿಳಿಯುತ್ತದೆ. ಗಾಳಿ ಉತ್ತರದಿಂದ ಈಶಾನ್ಯಕ್ಕೆ, ಅಲ್ಲಿಂದ ಪೂರ್ವಕ್ಕೆ, ಹೀಗೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಿದ್ದರೆ ನೀವು ಚಂಡಮಾರುತದ ದಾರಿಯ ಬಲಭಾಗದಲ್ಲಿದ್ದೀರಿ. ವಿರುದ್ಧವಾಗಿ ತಿರುಗಿದರೆ ಎಡಭಾಗದಲ್ಲಿ. ದಿಕ್ಕು ಬದಲಾಗದೆ ಗಾಳಿಯ ಜೋರು ಮಾತ್ರ ಏರುತ್ತ, ಒತ್ತಡ ಬೀಳುತ್ತ ಹೋದರೆ ಅದು ನೇರವಾಗಿ ನಿಮ್ಮ ಕಡೆಗೇ ಬರುತ್ತಿದೆ.

ಎಡ ಬಲದ ಈ ಲೆಕ್ಕ ಮುಖ್ಯ. ಉತ್ತರ ಗೋಳಾರ್ಧದಲ್ಲಿ ಬಲಭಾಗದ ಗಾಳಿಗೆ ಚಂಡಮಾರುತ ಮುಂದೆ ಸರಿಯುವ ವೇಗವೂ ಸೇರಿಕೊಳ್ಳುತ್ತದೆ, ಮತ್ತು ದಡಕ್ಕೆ ಎದುರಾಗಿ ಬರುವಾಗ ಆ ಭಾಗದ ಗಾಳಿಯೇ ಕಡಲನ್ನು ನೆಲದ ಮೇಲೆ ತಳ್ಳುವುದು. ಗೆರೆ ಐವತ್ತು ಕಿ.ಮೀ. ಆ ಕಡೆ ಸರಿಯಿತು ಎಂದು ಸಮಾಧಾನಪಟ್ಟ ಊರು ಬಲಭಾಗದಲ್ಲಿದ್ದರೆ ಅದಕ್ಕೇ ಹೆಚ್ಚಿನ ಪೆಟ್ಟು ಬೀಳಬಹುದು.

ಇದು ಮುನ್ಸೂಚನೆಗೆ ಬದಲಿಯಾಗಬೇಕು ಎಂದು ನಾನು ಹೇಳುತ್ತಿಲ್ಲ. ಅಧಿಕೃತ ಬುಲೆಟಿನ್ನಿನ ಜೊತೆ ಇಟ್ಟು ನೋಡಲು ಇದು ಬೇಕು. ಬುಲೆಟಿನ್ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಬರೆದ ಕೇಂದ್ರದ ಸ್ಥಾನಕ್ಕೆ ಒಂದೆರಡು ಗಂಟೆ ವಯಸ್ಸಾಗಿರುತ್ತದೆ.

ಆ ಸ್ಥಾನವನ್ನೂ ಚಂಡಮಾರುತದ ಬಲವನ್ನೂ ಹೇಗೆ ಹಿಡಿಯುತ್ತಾರೆ? ಉಪಗ್ರಹದ ಚಿತ್ರಗಳಲ್ಲಿ ಮೋಡಗಳು ಹೇಗೆ ಸುತ್ತಿಕೊಂಡಿವೆ, ಸುಳಿಯ ನಡುವಿನ ಕಣ್ಣು ಎಷ್ಟು ಸ್ಪಷ್ಟವಾಗಿದೆ ಎಂಬುದನ್ನು ನೋಡಿ ಬಲವನ್ನು ಅಂದಾಜಿಸುವ ವಿಧಾನವನ್ನು ಅಮೆರಿಕದ ವರ್ನನ್ ಡ್ವೋರಾಕ್ 1970ರ ದಶಕದಲ್ಲಿ ರೂಪಿಸಿದರು. ಜಗತ್ತಿನ ಬಹುಪಾಲು ಚಂಡಮಾರುತಗಳ ಗಾಳಿಯ ವೇಗ ಇಂದಿಗೂ ಈ ವಿಧಾನದಿಂದ ಹುಟ್ಟಿದ ಅಂದಾಜೇ. ದಡಕ್ಕೆ ಮುನ್ನೂರು ನಾನ್ನೂರು ಕಿ.ಮೀ. ಹತ್ತಿರ ಬಂದ ಮೇಲೆ ಡಾಪ್ಲರ್ ರೇಡಾರ್ ಮೋಡದ ಪಟ್ಟಿಗಳನ್ನು ಹಿಡಿಯುತ್ತದೆ. ಅಟ್ಲಾಂಟಿಕ್‌ನಲ್ಲಿ ವಿಮಾನಗಳೇ ಚಂಡಮಾರುತದೊಳಗೆ ನುಗ್ಗಿ, ಪ್ಯಾರಾಚೂಟ್ ಕಟ್ಟಿದ ಸಣ್ಣ ಕೊಳವೆಗಳನ್ನು ಬೀಳಿಸುತ್ತವೆ. ಕಡಲಿಗೆ ಬೀಳುವವರೆಗೂ ಅವು ಒತ್ತಡ, ಉಷ್ಣತೆ, ತೇವ, ಗಾಳಿಯ ಲೆಕ್ಕ ಕಳಿಸುತ್ತಲೇ ಇರುತ್ತವೆ. ಇಂಥ ವಿಮಾನ ಹಾರದ ಕಡಲುಗಳೇ ಹೆಚ್ಚು.

ಇಲ್ಲೊಂದು ಗೊಂದಲವನ್ನೂ ಬಿಡಿಸಬೇಕು. ಒಂದೇ ಚಂಡಮಾರುತಕ್ಕೆ ಎರಡು ಸಂಸ್ಥೆಗಳು ಎರಡು ವೇಗ ಹೇಳಿದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಜನ ಅನುಮಾನಿಸುತ್ತಾರೆ. ಅಮೆರಿಕದ ಸಂಸ್ಥೆಗಳು ಒಂದು ನಿಮಿಷದ ಸರಾಸರಿ ಗಾಳಿಯನ್ನು ಲೆಕ್ಕ ಹಿಡಿಯುತ್ತವೆ, ಭಾರತದ ಹವಾಮಾನ ಇಲಾಖೆ ಮೂರು ನಿಮಿಷದ್ದು, ಇನ್ನು ಹಲವು ದೇಶಗಳು ಹತ್ತು ನಿಮಿಷದ್ದು. ಸರಾಸರಿಯ ಹೊತ್ತು ಉದ್ದವಾದಷ್ಟೂ ಅಂಕಿ ಚಿಕ್ಕದಾಗುತ್ತದೆ. ಗಾಳಿ ಮಾತ್ರ ಒಂದೇ.

ಶಂಕುವಿನ ಒಳಗೂ ಹೊರಗೂ

ಚಂಡಮಾರುತಕ್ಕೆ ಸ್ವಂತ ದಾರಿ ಕಡಿಮೆ. ಹೊಳೆಯ ಸೆಳೆತದಲ್ಲಿ ತೇಲಿಹೋಗುವ ಸುಳಿಯಂತೆ ಅದು ಸುತ್ತಲಿನ ವಾತಾವರಣದ ದೊಡ್ಡ ಹರಿವಿನಲ್ಲಿ ಸಾಗುತ್ತದೆ. ಆ ಹರಿವನ್ನು ಕಂಪ್ಯೂಟರ್ ಮಾದರಿಗಳು ಈಗ ಚೆನ್ನಾಗಿ ಹಿಡಿಯುತ್ತವೆ. ಒಂದು ದಿನ ಮುಂಚಿನ ಮುನ್ಸೂಚನೆಯಲ್ಲಿ ಕೇಂದ್ರದ ಸ್ಥಾನ ಸರಾಸರಿ 50ರಿಂದ 80 ಕಿ.ಮೀ. ತಪ್ಪುತ್ತದೆ, ಮೂರು ದಿನ ಮುಂಚಿನದ್ದರಲ್ಲಿ 150ರಿಂದ 200 ಕಿ.ಮೀ. ಮೂವತ್ತು ವರ್ಷಗಳ ಹಿಂದಿಗಿಂತ ಇದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ 150 ಕಿ.ಮೀ. ಎಂದರೆ ದಡದ ಮೇಲೆ ಎಷ್ಟು ಊರುಗಳು ಎಂದು ಎಣಿಸಿ ನೋಡಿ.

ನಕ್ಷೆಯಲ್ಲಿ ಗೆರೆಯ ಸುತ್ತ ಬಿಡಿಸುವ ಶಂಕುವಿನಾಕಾರ ಹೇಳುವುದು ಈ ತಪ್ಪನ್ನೇ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ (ಅಲ್ಲಿ ಬಲವಾದ ಚಂಡಮಾರುತಕ್ಕೆ ಹರಿಕೇನ್ ಎನ್ನುತ್ತಾರೆ) ಅದನ್ನು ಬಿಡಿಸುವಾಗ ಹಿಂದಿನ ಐದು ವರ್ಷಗಳ ತಪ್ಪುಗಳಲ್ಲಿ ಮೂರರಲ್ಲಿ ಎರಡು ಭಾಗ ಒಳಗೆ ಬೀಳುವಂತೆ ಅಳತೆ ಇಡುತ್ತದೆ. ಹಾಗಾಗಿ ಮೂರರಲ್ಲಿ ಒಂದು ಸಲ ಕೇಂದ್ರವೇ ಶಂಕುವಿನ ಹೊರಗೆ ಹೋಗಬಹುದು. ಚಂಡಮಾರುತದ ಹರವಿಗೂ ಈ ಶಂಕುವಿಗೂ ಸಂಬಂಧವೇ ಇಲ್ಲ. ಗಾಳಿ, ಮಳೆ, ನೀರು ಅದರ ಹೊರಗೂ ಧಾರಾಳವಾಗಿ ಹೋಗುತ್ತವೆ. ಶಂಕುವಿನ ಅಂಚಿನಲ್ಲಿದ್ದೇವೆ, ಹಾಗಾಗಿ ಅಪಾಯ ಕಡಿಮೆ ಎಂಬ ಓದು ಎಷ್ಟು ಸಹಜವೋ ಅಷ್ಟೇ ತಪ್ಪು.

2022ರ ಇಯಾನ್ ಇದಕ್ಕೆ ಕಣ್ಣೆದುರಿನ ಸಾಕ್ಷಿ. ದಿನಗಳ ಮೊದಲು ಎಲ್ಲರ ಕಣ್ಣು ಫ್ಲಾರಿಡಾದ ಟ್ಯಾಂಪಾ ಮೇಲೆ ನೆಟ್ಟಿತ್ತು. ಚಂಡಮಾರುತ ಬರುತ್ತಿದ್ದುದು ದಡಕ್ಕೆ ಹೆಚ್ಚು ಕಡಿಮೆ ಸಮಾನಾಂತರವಾಗಿ. ಅಂಥ ಕೋನದಲ್ಲಿ ದಾರಿ ಸ್ವಲ್ಪ ಬಾಗಿದರೂ ದಡ ಮುಟ್ಟುವ ಜಾಗ ನೂರಾರು ಕಿ.ಮೀ. ಪಲ್ಲಟವಾಗುತ್ತದೆ. ಸೆಪ್ಟೆಂಬರ್ 28ರ ಮಧ್ಯಾಹ್ನ ಅದು ಟ್ಯಾಂಪಾದಿಂದ ಸುಮಾರು 150 ಕಿ.ಮೀ. ದಕ್ಷಿಣಕ್ಕೆ, ಕಾಯೊ ಕೋಸ್ಟಾ ದ್ವೀಪದಲ್ಲಿ ದಡ ಮುಟ್ಟಿತು. ಅಲ್ಲಿನ ಲೀ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಜನರಿಗೆ ಮನೆ ಬಿಡಲು ಆದೇಶ ಬಂದದ್ದು 27ರ ಬೆಳಗ್ಗೆ. ಅಕ್ಕಪಕ್ಕದ ಕೆಲವು ಕೌಂಟಿಗಳು ಅದಕ್ಕೂ ಹಿಂದಿನ ದಿನವೇ ಹೊರಡಿಸಿದ್ದವು. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು ನೆಲದಿಂದ ಹತ್ತರಿಂದ ಹದಿನೈದು ಅಡಿ ಎತ್ತರಕ್ಕೆ ನುಗ್ಗಿತು. ಆ ಊರಿನ ಮಟ್ಟಿಗೆ ಒಂದು ದಿನದ ತಡವೇ ದುಬಾರಿಯಾಯಿತು.

ದಾರಿಗಿಂತ ಕಷ್ಟದ್ದು ಬಲದ ಮುನ್ಸೂಚನೆ. ಬೆಚ್ಚಗಿನ ಕಡಲು, ತೇವದ ಗಾಳಿ, ಮೇಲಿನ ಪದರ ಕೆಳಗಿನ ಪದರಗಳಲ್ಲಿ ಗಾಳಿಯ ವ್ಯತ್ಯಾಸ ಕಡಿಮೆ, ಈ ಮೂರೂ ಕೂಡಿಬಂದರೆ ಚಂಡಮಾರುತದ ಗಾಳಿಯ ವೇಗ ಇಪ್ಪತ್ತನಾಲ್ಕು ಗಂಟೆಯಲ್ಲಿ ಗಂಟೆಗೆ 55 ಕಿ.ಮೀ. ಅಥವಾ ಅದಕ್ಕೂ ಹೆಚ್ಚು ಏರಬಹುದು. 2023ರ ಅಕ್ಟೋಬರ್ 24ರ ಮುಂಜಾನೆ ಮೆಕ್ಸಿಕೊದ ಅಕಾಪುಲ್ಕೊ ಆಚೆ ಇದ್ದ ಓಟಿಸ್ ಸಾಧಾರಣ ಬಿರುಗಾಳಿಯಾಗಿತ್ತು. ಅದು ಅಷ್ಟು ಬಲಿಯುತ್ತದೆ ಎಂದು ಮುಖ್ಯ ಮಾದರಿಗಳು ಹೇಳಿರಲಿಲ್ಲ. ಆ ಮಧ್ಯಾಹ್ನ ವಿಮಾನವೊಂದು ಒಳಹೊಕ್ಕು ಅಳೆದಾಗಲೇ ವಿಷಯ ಬಯಲಾದದ್ದು. ಅದೇ ರಾತ್ರಿ ಹನ್ನೆರಡು ದಾಟುತ್ತಿದ್ದಂತೆ ಗಂಟೆಗೆ ಸುಮಾರು 260 ಕಿ.ಮೀ. ಗಾಳಿಯೊಂದಿಗೆ, ಐದನೆಯ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಚಂಡಮಾರುತವಾಗಿ ಊರಿನ ಮೇಲೆ ಬಿತ್ತು. ಸಂಜೆ ಆರಕ್ಕೆ ಸುದ್ದಿ ತಿಳಿದವರಿಗೆ ಕತ್ತಲಲ್ಲಿ ಆರು ಗಂಟೆ ಉಳಿದಿತ್ತು. ಎರಡು ವರ್ಷದ ನಂತರ, 2025ರ ಅಕ್ಟೋಬರ್ 28ರಂದು ಜಮೈಕಾಕ್ಕೆ ಅಪ್ಪಳಿಸಿದ ಮೆಲಿಸ್ಸಾ ಓಟಿಸ್‌ಗಿಂತಲೂ ಬಲವಾದದ್ದು, ಆದರೆ ಅದು ಬಲಿಯುತ್ತದೆ ಎಂಬ ಎಚ್ಚರಿಕೆ ದಿನಗಳ ಮೊದಲೇ ಹೊರಟಿತ್ತು. ಕೃತಕ ಬುದ್ಧಿಮತ್ತೆಯ ಮಾದರಿಗಳೂ ಈಗ ಮುನ್ಸೂಚಕರ ಮೇಜಿನ ಮೇಲಿವೆ. ಅದು ಭರವಸೆ ತರುವ ಬೆಳವಣಿಗೆ. ಆದರೂ ಬಲದ ಮುನ್ಸೂಚನೆ ಒಂದು ದರ್ಜೆ ಹೆಚ್ಚೇ ಆಗಬಹುದು ಎಂದುಕೊಂಡು ಸಿದ್ಧವಾಗುವುದು ಇನ್ನೂ ಜಾಣತನವೇ.

ನೀರು ದರ್ಜೆ ನೋಡುವುದಿಲ್ಲ

ದರ್ಜೆ ಎಂದೆನಲ್ಲ, ಜನರನ್ನು ಹೆಚ್ಚು ದಾರಿ ತಪ್ಪಿಸುವ ಅಂಕಿ ಅದೇ. ಒಂದರಿಂದ ಐದರವರೆಗಿನ ದರ್ಜೆ ಇರಲಿ, ತೀವ್ರ, ಅತಿ ತೀವ್ರ ಎಂಬ ವಿಂಗಡಣೆ ಇರಲಿ, ಅಳೆಯುವುದು ಗಾಳಿಯನ್ನು ಮಾತ್ರ. ದಡದಲ್ಲಿ ಇತಿಹಾಸದುದ್ದಕ್ಕೂ ಹೆಚ್ಚು ಜನರನ್ನು ಕೊಂದದ್ದು ನೀರು. 1970ರ ನವೆಂಬರ್‌ನ ಭೋಲಾ ಚಂಡಮಾರುತದಲ್ಲಿ ಇಂದಿನ ಬಾಂಗ್ಲಾದೇಶದಲ್ಲಿ ಮೂರರಿಂದ ಐದು ಲಕ್ಷ ಜನ ಸತ್ತರು, ಬಹುತೇಕರು ಕಡಲು ನೆಲದ ಮೇಲೆ ನುಗ್ಗಿದ್ದರಿಂದ.

ಈ ಕಡಲುಬ್ಬರಕ್ಕೆ ಎರಡು ಕಾರಣ. ಕೇಂದ್ರದಲ್ಲಿ ಗಾಳಿಯ ಒತ್ತಡ ಕುಸಿದಿರುವುದರಿಂದ ನೀರು ಮೇಲಕ್ಕೆ ಉಬ್ಬುತ್ತದೆ. ಒಂದು ಹೆಕ್ಟೋಪಾಸ್ಕಲ್ ಕುಸಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಒತ್ತಡ ನೂರು ಹೆಕ್ಟೋಪಾಸ್ಕಲ್ ಬಿದ್ದರೂ ಏರುವುದು ಒಂದು ಮೀಟರ್ ಅಷ್ಟೇ. ಉಳಿದ ಮೂರು, ನಾಲ್ಕು, ಆರು ಮೀಟರ್ ಬರುವುದು ಗಾಳಿಯಿಂದ. ಗಾಳಿ ಗಂಟೆಗಟ್ಟಲೆ ನೀರನ್ನು ದಡದ ಕಡೆ ತಳ್ಳುತ್ತದೆ. ತಳ ಆಳವಾಗಿದ್ದರೆ ಆ ನೀರು ಕೆಳಗಿನಿಂದ ವಾಪಸು ಹರಿದುಹೋಗುತ್ತದೆ, ಆಳವಿಲ್ಲದಿದ್ದರೆ ಹೋಗಲು ಜಾಗವಿಲ್ಲದೆ ಮೇಲೇರುತ್ತದೆ. ಬಂಗಾಳ ಕೊಲ್ಲಿಯ ಉತ್ತರ ತುದಿ, ಮೆಕ್ಸಿಕೊ ಕೊಲ್ಲಿಯ ಉತ್ತರ ದಡ ಮತ್ತೆ ಮತ್ತೆ ಮುಳುಗುವುದಕ್ಕೆ ಆಳವಿಲ್ಲದ ಈ ತಳವೇ ಮುಖ್ಯ ಕಾರಣ.

ಆದ್ದರಿಂದ ನೀರಿನ ಎತ್ತರವನ್ನು ನಿರ್ಧರಿಸುವುದು ದರ್ಜೆಯೊಂದೇ ಅಲ್ಲ. ಚಂಡಮಾರುತದ ಹರವು, ಬರುವ ಕೋನ, ತಳದ ಆಳ, ಆ ಹೊತ್ತಿನ ಭರತ ಇಳಿತ ಎಲ್ಲವೂ ಸೇರುತ್ತವೆ. 2005ರ ಕತ್ರಿನಾ ದಡ ಮುಟ್ಟುವಾಗ ಮೂರನೆಯ ದರ್ಜೆಗೆ ಇಳಿದಿತ್ತು, ಆದರೆ ಹಿಂದಿನ ದಿನ ಐದನೆಯ ದರ್ಜೆಯಲ್ಲಿ ಅದು ಎಬ್ಬಿಸಿದ ನೀರಿನ ರಾಶಿ ಇಳಿದಿರಲಿಲ್ಲ. ಮಿಸಿಸಿಪ್ಪಿ ದಡದಲ್ಲಿ ನೀರು ಎಂಟು ಮೀಟರಿಗೂ ಮೇಲೆ ಏರಿತು. 1969ರ ಕಮಿಲ್ ಐದನೆಯ ದರ್ಜೆಯದ್ದು, ಆಗ ಮುಳುಗದ ಮನೆ ಈಗ ಮುಳುಗುವುದುಂಟೇ ಎಂದು ಅಲ್ಲೇ ಉಳಿದವರು ಅನೇಕರು. ಆದರೆ ಕಮಿಲ್ ಚಿಕ್ಕ ಹರವಿನದು, ಕತ್ರಿನಾ ಅದಕ್ಕಿಂತ ಬಹಳ ದೊಡ್ಡದು. ಹಿಂದಿನ ಚಂಡಮಾರುತದ ನೆನಪು ಇಂಥ ಕಡೆ ಕೈಕೊಡುತ್ತದೆ, ಮತ್ತು ಹಿರಿಯರ ಅನುಭವದ ಮಾತು ಎಂಬ ಕಾರಣಕ್ಕೆ ಮನೆಯಲ್ಲಿ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. 2012ರ ಸ್ಯಾಂಡಿಯ ಗಾಳಿ ನ್ಯೂಯಾರ್ಕ್ ಕಡೆ ಬರುವಾಗ ಕೆಳಗಿನ ದರ್ಜೆಯದೇ ಆಗಿತ್ತು, ಹರವು ಮಾತ್ರ 1,600 ಕಿ.ಮೀ. ಮೀರಿತ್ತು. ಹುಣ್ಣಿಮೆಯ ಭರತವೂ ಸೇರಿ ನಗರದ ಸುರಂಗ ರೈಲುಮಾರ್ಗಗಳಿಗೆ ನೀರು ತುಂಬಿತು. ಇಂಥ ಅನುಭವಗಳ ನಂತರ, 2017ರಿಂದ, ಅಮೆರಿಕ ಗಾಳಿಯ ಎಚ್ಚರಿಕೆಯಿಂದ ಬೇರೆಯಾಗಿ ಕಡಲುಬ್ಬರದ್ದೇ ಎಚ್ಚರಿಕೆ ಕೊಡಲು ಶುರುಮಾಡಿತು. ನೆಲದ ಮೇಲೆ ಎಷ್ಟು ಅಡಿ ನೀರು ನಿಲ್ಲುತ್ತದೆ ಎಂದು ಅದು ಹೇಳುತ್ತದೆ. ಮನೆಯ ಬಾಗಿಲಿನ ಎತ್ತರದ ಪಕ್ಕ ಇಟ್ಟು ನೋಡಬಹುದಾದ ಅಂಕಿ ಅದು.

ಚಂಡಮಾರುತದ ಎಡಭಾಗದಲ್ಲಿ ಇದರ ವಿರುದ್ಧ ನಡೆಯುತ್ತದೆ. ಇಯಾನ್ ಹಾದುಹೋಗುವಾಗ ಟ್ಯಾಂಪಾ ಕೊಲ್ಲಿಯ ನೀರನ್ನು ಗಾಳಿ ಹೊರಕ್ಕೆ ತಳ್ಳಿ ತಳವೇ ಬರಿದಾಗಿ ಕಂಡಿತು. 2017ರ ಇರ್ಮಾದಲ್ಲೂ ಹೀಗೇ ಆಗಿತ್ತು. ಜನ ಕೆಸರಿನಲ್ಲಿ ಇಳಿದು ನಡೆದರು, ಚಿತ್ರ ತೆಗೆದುಕೊಂಡರು. ಗಾಳಿ ತಿರುಗಿದರೆ ಆ ನೀರೆಲ್ಲ ವಾಪಸು ಬರುತ್ತದೆ. ಅಲ್ಲಿಗೆ ಇಳಿಯಬೇಡಿ ಎಂದು ಅಧಿಕಾರಿಗಳು ಬೇಡಿಕೊಳ್ಳಬೇಕಾಯಿತು.

ಹೊರಡುವ ಹೊತ್ತು ಯಾವುದು?

ಮೊದಲು ಹೇಳಿದ ಗಡಿಯಾರಕ್ಕೆ ಈಗ ಬರುತ್ತೇನೆ. ಬುಲೆಟಿನ್ನುಗಳಲ್ಲಿ ಗಂಟೆಗೆ ಸುಮಾರು 63 ಕಿ.ಮೀ. ಮೀರಿದ ಗಾಳಿ ಕೇಂದ್ರದಿಂದ ಎಷ್ಟು ದೂರದವರೆಗೆ ಹರಡಿದೆ ಎಂಬುದನ್ನು ನಾಲ್ಕು ದಿಕ್ಕಿಗೆ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಟಿ.ವಿ.ಯವರು ಅದನ್ನು ತೋರಿಸುವುದು ಅಪರೂಪ. ಒಂದು ಚಂಡಮಾರುತ 500 ಕಿ.ಮೀ. ದೂರದಲ್ಲಿದ್ದು ಗಂಟೆಗೆ 15 ಕಿ.ಮೀ. ವೇಗದಲ್ಲಿ ನಿಮ್ಮ ಕಡೆ ಬರುತ್ತಿದೆ ಎಂದುಕೊಳ್ಳಿ. ಕೇಂದ್ರ ದಡ ಮುಟ್ಟಲು ಮೂವತ್ತಮೂರು ಗಂಟೆ ಇದೆ ಎಂದು ಪರದೆ ತೋರಿಸುತ್ತದೆ. ಆದರೆ ಜೋರು ಗಾಳಿಯ ಹರವು 200 ಕಿ.ಮೀ. ಆಗಿದ್ದರೆ ಆ ಗಾಳಿ ನಿಮ್ಮನ್ನು ಮುಟ್ಟಲು ಉಳಿದಿರುವುದು ಇಪ್ಪತ್ತೇ ಗಂಟೆ. ಹದಿಮೂರು ಗಂಟೆಗಳ ವ್ಯತ್ಯಾಸ, ಅದರಲ್ಲಿ ಒಂದು ಇಡೀ ರಾತ್ರಿ ಬೇರೆ. ಆ ಗಾಳಿ ಬಂದ ಮೇಲೆ ಮರ ಬೀಳುತ್ತವೆ, ಸೇತುವೆ ಮುಚ್ಚುತ್ತಾರೆ, ದೋಣಿ ಎಳೆದು ಮೇಲೆ ಹಾಕಲು ಆಗುವುದಿಲ್ಲ, ತಗ್ಗಿನ ರಸ್ತೆಗೆ ನೀರು ಬಂದಿರುತ್ತದೆ, ರಕ್ಷಣಾ ತಂಡಗಳೂ ಹೊರಡುವುದಿಲ್ಲ. ಅಮೆರಿಕದಲ್ಲಿ ಹರಿಕೇನ್ ಎಚ್ಚರಿಕೆಯನ್ನು ಮೂವತ್ತಾರು ಗಂಟೆ ಮುಂಚೆ ಕೊಡುತ್ತಾರೆ, ಆ ಗಂಟೆಗಳನ್ನು ಈ ಗಾಳಿ ಮುಟ್ಟುವ ಹೊತ್ತಿನಿಂದಲೇ ಹಿಂದಕ್ಕೆ ಎಣಿಸುತ್ತಾರೆ, ದಡ ಮುಟ್ಟುವ ಹೊತ್ತಿನಿಂದಲ್ಲ.

ಭಾರತದಲ್ಲಿ ಹವಾಮಾನ ಇಲಾಖೆ ಮೂರು ದಿನ ಮುಂಚೆ ಮೊದಲ ಸೂಚನೆ, ಎರಡು ದಿನ ಮುಂಚೆ ಹಳದಿ, ಒಂದು ದಿನ ಮುಂಚೆ ಕಿತ್ತಳೆ, ಹನ್ನೆರಡು ಗಂಟೆ ಮುಂಚೆ ಕೆಂಪು ಎಂಬ ಹಂತಗಳನ್ನು ಇಟ್ಟುಕೊಂಡಿದೆ. ಕೆಂಪು ಬಂದ ಮೇಲೆ ಹೊರಡೋಣ ಎನ್ನುವವರಿಗೆ ಮೇಲಿನ ಲೆಕ್ಕವನ್ನು ತೋರಿಸಬೇಕು. ಒಡಿಶಾ ಇದನ್ನು ದೊಡ್ಡ ಬೆಲೆ ತೆತ್ತು ಕಲಿತ ರಾಜ್ಯ. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ನಲ್ಲಿ ಅಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. 2013ರ ಫೈಲಿನ್ ಬರುವ ಮೊದಲು ಸುಮಾರು 10 ಲಕ್ಷ ಜನರನ್ನೂ, 2019ರ ಮೇ 3ರಂದು ಪುರಿಯ ಬಳಿ ದಡ ಮುಟ್ಟಿದ ಫೋನಿಯ ಮೊದಲು 12 ಲಕ್ಷ ಜನರನ್ನೂ ಸ್ಥಳಾಂತರಿಸಿದರು. ಸತ್ತವರ ಸಂಖ್ಯೆ ಎರಡೂ ಸಲ ಹತ್ತಾರರಲ್ಲಿ ನಿಂತಿತು. ಮನೆಗಳು ಆಗಲೂ ಬಿದ್ದವು, ತೋಟಗಳು ನೆಲಕಚ್ಚಿದವು, ಆದರೆ ಒಳಗೆ ಜನ ಇರಲಿಲ್ಲ. ಮನೆ ಮನೆಗೆ ಹೋಗಿ ಕರೆಯುವ ಸ್ವಯಂಸೇವಕರು, ಎತ್ತರದಲ್ಲಿ ಕಟ್ಟಿದ ಆಶ್ರಯ ಕಟ್ಟಡಗಳು ಮತ್ತು ಗಾಳಿ ಏಳುವ ಮೊದಲೇ ಹೊರಡಿಸುವ ಹಟ ಇದ್ದದ್ದರಿಂದ ಮುನ್ಸೂಚನೆ ಅಲ್ಲಿ ಕೆಲಸಕ್ಕೆ ಬಂತು. ಆಶ್ರಯವೂ ಎತ್ತರದಲ್ಲೇ ಇರಬೇಕು: 2013ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸಿನ ಟಾಕ್ಲೊಬಾನ್‌ಗೆ ಹೈಯಾನ್ ಬಂದಾಗ, ಜನರನ್ನು ಕರೆತಂದು ಇರಿಸಿದ್ದ ಕೆಲವು ಕಟ್ಟಡಗಳಿಗೂ ಕಡಲು ನುಗ್ಗಿತು.

ಕಡಲಿನಲ್ಲಿರುವವರ ಗಡಿಯಾರ ಇನ್ನೂ ಮುಂಚಿನದು. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ದಕ್ಷಿಣಕ್ಕೆ ಓಖಿ ಬಹಳ ಬೇಗ ಬಲಿಯಿತು. ವಾರಗಟ್ಟಲೆ ಮೀನುಗಾರಿಕೆಗೆ ಹೋದ ಬೋಟುಗಳು ಆಗಲೇ ಮೊಬೈಲ್ ಸಿಗ್ನಲ್ ಸಿಗದಷ್ಟು ದೂರದಲ್ಲಿದ್ದವು. ದಡದಲ್ಲಿ ಹಾರಿಸಿದ ಬಾವುಟ ಅವರಿಗೆ ಕಾಣಲಿಲ್ಲ, ನೂರಾರು ಮೀನುಗಾರರು ಮರಳಲಿಲ್ಲ. ಉಪಗ್ರಹದ ಮೂಲಕ ಆಳ ಸಮುದ್ರದ ಬೋಟಿಗೆ ಎಚ್ಚರಿಕೆ ಮುಟ್ಟಿಸುವ ಸಾಧನ 2019ರಲ್ಲಿ ಬಂತು. ಪ್ರತಿ ಬೋಟಿನಲ್ಲೂ ಅದು ಇರಬೇಕು ಎಂದು ಒತ್ತಾಯಿಸುವುದು ನಕ್ಷೆಯ ಗೆರೆ ಎಷ್ಟು ನಿಖರವಾಗಿದೆ ಎಂದು ಚರ್ಚಿಸುವುದಕ್ಕಿಂತ ಹೆಚ್ಚು ಜೀವ ಉಳಿಸುತ್ತದೆ ಎಂದು ನಾನು ನಂಬಿದ್ದೇನೆ.

ಗಾಳಿ ಏರುವ ರೀತಿಯೂ ಮೋಸದ್ದೇ. ಹೊರಗಿನ ಮೋಡದ ಪಟ್ಟಿಗಳು ಒಂದೊಂದಾಗಿ ಹಾಯುತ್ತವೆ. ಹದಿನೈದು ನಿಮಿಷ ಮಳೆ ಬಡಿದು, ಮತ್ತೆ ಬಿಡುವು, ಬಿಸಿಲೂ ಇಣುಕಬಹುದು. ಇಷ್ಟೇನಾ ಎಂದು ಆಶ್ರಯದಿಂದ ಮನೆಗೆ ದನ ಕರು ನೋಡಲು, ಬಿಟ್ಟು ಬಂದ ಕಾಗದ ಪತ್ರ ತರಲು ಹೊರಡುವುದು ಆ ಬಿಡುವಿನಲ್ಲೇ. ಕೇಂದ್ರ ನೇರ ಮೇಲೆಯೇ ಹಾಯ್ದರೆ ಇನ್ನೊಂದು ಬಿಡುವು ಬರುತ್ತದೆ. ಕಣ್ಣಿನೊಳಗೆ ಗಾಳಿ ಬಿದ್ದುಹೋಗಿ ಅರ್ಧ ಗಂಟೆಯೋ ಒಂದು ಗಂಟೆಯೋ ಶಾಂತವಾಗಿರುತ್ತದೆ. ಆಮೇಲೆ ಅಷ್ಟೇ ಜೋರಿನ ಗಾಳಿ ವಿರುದ್ಧ ದಿಕ್ಕಿನಿಂದ ಏಕಾಏಕಿ ಹೊಡೆಯುತ್ತದೆ. ಒಂದು ಕಡೆಯಿಂದ ಪೆಟ್ಟು ತಿಂದು ಸಡಿಲವಾದ ಗೋಡೆ, ಮರ, ಕಂಬಗಳು ಬೀಳುವುದು ಆಗ.

ಕೇಂದ್ರ ನೆಲದ ಮೇಲೆ ಬಂದ ಮೇಲೆ ಟಿ.ವಿ.ಯ ನಕ್ಷೆ ಮಾಯವಾಗುತ್ತದೆ. ಮಳೆ ಮುಂದುವರಿಯುತ್ತದೆ. ಅಮೆರಿಕದಲ್ಲಿ 2013ರಿಂದ 2022ರವರೆಗಿನ ಹತ್ತು ವರ್ಷಗಳಲ್ಲಿ ಚಂಡಮಾರುತಗಳಿಂದ ನೇರವಾಗಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಳೆಯ ಪ್ರವಾಹಕ್ಕೆ ಬಲಿಯಾದವರು. ಮಳೆಯ ಮಟ್ಟಿಗೆ ಗಾಳಿಯ ಬಲಕ್ಕಿಂತ ಚಂಡಮಾರುತ ಮುಂದೆ ಸರಿಯುವ ವೇಗ ಮುಖ್ಯ. 2017ರ ಹಾರ್ವೆ ಟೆಕ್ಸಾಸಿನಲ್ಲಿ ದಡ ದಾಟಿದ ಮೇಲೆ ಮುಂದೆ ಹೋಗದೆ ಅಲ್ಲಲ್ಲೇ ಸುತ್ತುತ್ತ 1,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿತು. 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲಾರಿಡಾದಲ್ಲಿ ದಡ ಮುಟ್ಟಿದ ಹೆಲೀನ್ ಅತಿ ಹೆಚ್ಚು ಜನರನ್ನು ಕೊಂದದ್ದು ಕಡಲಿನಿಂದ ನೂರಾರು ಕಿ.ಮೀ. ಒಳಗೆ, ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ, ಹೊಳೆ ಉಕ್ಕಿ ಗುಡ್ಡ ಕುಸಿದು. ಕಡಲಿನ ಅಲೆಯೂ ತಕ್ಷಣ ಇಳಿಯುವುದಿಲ್ಲ, ಮೀನುಗಾರರಿಗೆ ಹಾಕಿದ ತಡೆ ಒಂದೆರಡು ದಿನ ಮುಂದುವರಿಯುವುದು ಅದಕ್ಕೇ. ಚಂಡಮಾರುತ ಬಲ ಕಳೆದುಕೊಂಡು ಮತ್ತೆ ವಾಯುಭಾರ ಕುಸಿತವಾಗಿ, ಸುದ್ದಿಯಲ್ಲಿ ಅದರ ಹೆಸರು ಕೇಳದಂತಾದ ಮೇಲೂ ಹವಾಮಾನ ಇಲಾಖೆ ಅದರ ಬುಲೆಟಿನ್ ಹೊರಡಿಸುತ್ತಲೇ ಇರುತ್ತದೆ. ಹೊಳೆಯ ದಂಡೆಯವರಿಗೂ ಗುಡ್ಡದ ಬುಡದವರಿಗೂ ಬೇಕಾದ ಮಳೆಯ ಅಂಕಿ ಆ ಬುಲೆಟಿನ್ನುಗಳಲ್ಲೇ ಇರುತ್ತದೆ.